ವೀಸಾ ಕೈಗೆ ಬಂದಾಗ ಬರೆಯಬೇಕಾದ ಲೆಕ್ಕ

ಜುಮಾ ನಮಾಝ್ ಮುಗಿದು ಜನರು ಮಸೀದಿಯ ಅಂಗಳಕ್ಕೆ ಬರುತ್ತಿರುವಾಗ ತಂದೆಯೊಬ್ಬರು ತಮ್ಮ ಮಗನಿಗೆ ಸೌದಿಯ ವೀಸಾ ಬಂದಿದೆಯೆಂದು ಸಂತೋಷದಿಂದ ಹೇಳುತ್ತಾರೆ. ಸುತ್ತಲಿದ್ದವರು ಮಾಶಾ ಅಲ್ಲಾಹ್ ಎನ್ನುತ್ತಾರೆ. ಮುಂದಿನ ಪ್ರಶ್ನೆ ಒಂದೇ: ಸಂಬಳ ಎಷ್ಟು? 1,800 ರಿಯಾಲ್ ಎಂದೊಡನೆ ಯಾರಾದರೊಬ್ಬರು ಅದನ್ನು 22ರಿಂದ ಗುಣಿಸಿ, ಹತ್ತಿರ ಹತ್ತಿರ ನಲವತ್ತು ಸಾವಿರವಾಯಿತಲ್ಲ ಎಂದು ಬೆರಗಾಗುತ್ತಾರೆ. ಅಲ್ಲಿಗೆ ಲೆಕ್ಕ ಮುಗಿಯುತ್ತದೆ. ಎಷ್ಟು ಖರ್ಚಾಗುತ್ತದೆ, ಎಷ್ಟು ಉಳಿಯುತ್ತದೆ, ಹೋಗಲು ತಂದ ಹಣ ಯಾವುದು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅಪಶಕುನ ನುಡಿದಂತಾದೀತೆಂಬ ಅಳುಕು ಬೇರೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮನೆಗಳಲ್ಲಿ ಈ ದೃಶ್ಯ ಹೊಸದಲ್ಲ. ಆದರೆ ಭಟ್ಕಳ, ಮಂಗಳೂರಿನ ಕಡೆಯ ಕುಟುಂಬಗಳಿಗೂ ನಮಗೂ ಒಂದು ವ್ಯತ್ಯಾಸವಿದೆ. ಅಲ್ಲಿ ತಂದೆ, ಚಿಕ್ಕಪ್ಪ, ಸೋದರಮಾವ ಹೀಗೆ ಯಾರಾದರೊಬ್ಬರು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದಿರುತ್ತಾರೆ. ಒಪ್ಪಂದದ ಕಾಗದವನ್ನು ನೋಡಿ ಇದು ಸರಿ, ಇದು ಮೋಸ ಎಂದು ಹೇಳಬಲ್ಲ ಹಿರಿಯರು ಮನೆಯಲ್ಲೇ ಸಿಗುತ್ತಾರೆ. ನಮ್ಮ ಬಯಲು ಸೀಮೆಯ ಎಷ್ಟೋ ಮನೆಗಳಿಂದ ಹೊರಡುವವನೇ ಮೊದಲಿಗ. ಅವನಿಗೆ ದಾರಿ ತೋರಿಸುವವನು ಏಜೆಂಟ್ ಮಾತ್ರ. ಮಾರುವವನ ಮಾತನ್ನೇ ಸಲಹೆಯೆಂದು ನಂಬಬೇಕಾದ ಸ್ಥಿತಿ ನಮ್ಮದು.

ಹೋಗುವುದು ತಪ್ಪೆಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ಜುಮಾ ನಮಾಝ್ ಮುಗಿದ ಬಳಿಕ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಬೇಕೆಂದು ಪವಿತ್ರ ಕುರ್‌ಆನ್‌ನ ಅಲ್ ಜುಮುಅ ಅಧ್ಯಾಯವು ಕಲಿಸುತ್ತದೆ. ಮಕ್ಕಾದ ಕುರೈಶರ ಚಳಿಗಾಲದ ಮತ್ತು ಬೇಸಿಗೆಯ ವ್ಯಾಪಾರ ಪಯಣಗಳನ್ನು ಅಲ್ಲಾಹನು ಅನುಗ್ರಹವಾಗಿ ಸ್ಮರಿಸಿದ್ದಾನೆ. ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಹಿಜ್‌ರಾ ಮಾಡಿ ಮದೀನಕ್ಕೆ ಬಂದಾಗ ಬರಿಗೈಯವರಾಗಿದ್ದರು. ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್(ರ) ತಮ್ಮ ಅರ್ಧ ಸಂಪತ್ತನ್ನೇ ನೀಡಲು ಮುಂದಾದರು. ಅವರಾದರೋ ದುಆ ಮಾಡಿ, ಪೇಟೆಯ ದಾರಿಯನ್ನಷ್ಟೇ ಕೇಳಿದರು. ಪರಊರಿನಲ್ಲಿ ಕಾಲಿಟ್ಟವರು ಇನ್ನೊಬ್ಬರ ಹಣದ ಋಣಕ್ಕೆ ಸಿಲುಕದೆ, ಮೊದಲು ಅಲ್ಲಿಯ ಪೇಟೆಯನ್ನು ಅರಿಯಲು ಹೊರಟರು. ವಿದೇಶಕ್ಕೆ ಹೊರಡುವ ಇಂದಿನ ಯುವಕನಿಗೂ ಇದರಲ್ಲಿ ಪಾಠವಿದೆ.

ಇನ್ನು ಲೆಕ್ಕಕ್ಕೆ ಬರೋಣ. ಕೆಳಗಿನ ಸಂಬಳ ಮತ್ತು ಖರ್ಚು ಉದಾಹರಣೆಗಾಗಿ ತೆಗೆದುಕೊಂಡವು; ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕಿಗಳನ್ನು ಅಲ್ಲಿಟ್ಟು ನೋಡಬೇಕು. ಸಂಬಳ 1,800 ರಿಯಾಲ್. ವಸತಿ ಮತ್ತು ವಿಮಾನದ ಟಿಕೆಟ್ ಕಂಪನಿಯದು; ಊಟ ತನ್ನದು. ಊಟ, ಮೊಬೈಲ್, ಬಟ್ಟೆಬರೆ, ಸಣ್ಣಪುಟ್ಟ ಔಷಧಿ ಎಲ್ಲ ಸೇರಿ ತಿಂಗಳಿಗೆ 600 ರಿಯಾಲ್ ಎಂದಿಟ್ಟುಕೊಂಡರೆ 1,200 ಉಳಿಯುತ್ತದೆ. ಎರಡು ವರ್ಷಕ್ಕೆ 28,800 ರಿಯಾಲ್. ರಿಯಾಲಿಗೆ 22 ರೂಪಾಯಿಯಂತೆ 6,33,600 ರೂಪಾಯಿ. ಏಜೆಂಟನಿಗೆ ಕೊಟ್ಟದ್ದು 1,50,000. ರಜೆಗೆ ಬರುವಾಗ ಬಂಧುಬಳಗಕ್ಕೆ ತರುವ ಉಡುಗೊರೆ ಮತ್ತು ರಜೆಯ ಖರ್ಚು 60,000. ಉಳಿದದ್ದು 4,23,600. ತಿಂಗಳಿಗೆ ಹಂಚಿದರೆ 17,650 ರೂಪಾಯಿ. ನಲವತ್ತು ಸಾವಿರವೆಂದು ಅಂಗಳದಲ್ಲಿ ಹೇಳಿದ್ದು ಇಷ್ಟಕ್ಕೆ ಇಳಿಯಿತು.

ಇದೇ ಯುವಕ ಹಿರಿಯೂರಿನಲ್ಲಿ ವಾಹನ ಓಡಿಸಿ 20,000 ದುಡಿಯುತ್ತಿದ್ದ, ತನ್ನ ಖರ್ಚಿಗೆ 5,000 ಕಳೆದು ಮನೆಗೆ 15,000 ಕೊಡುತ್ತಿದ್ದ ಎಂದುಕೊಳ್ಳೋಣ. ಹಾಗಾದರೆ ಎರಡು ವರ್ಷ ಹೆಂಡತಿ ಮಕ್ಕಳನ್ನು ಬಿಟ್ಟು ಮರಳುಗಾಡಿನ ಬಿಸಿಲಿನಲ್ಲಿ ದುಡಿದುದರ ಹೆಚ್ಚುವರಿ ಫಲ ತಿಂಗಳಿಗೆ 2,650 ರೂಪಾಯಿ!

ಈ ಲೆಕ್ಕವನ್ನು ಕೆಡಿಸಿದ ಮುಖ್ಯ ಕಾರಣ ಏಜೆಂಟನಿಗೆ ಕೊಟ್ಟ ಹಣ. ಭಾರತದಲ್ಲಿ 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟ್ ಕಾರ್ಮಿಕನಿಂದ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಶೇ. 18ರ ಜಿಎಸ್‌ಟಿ ಸೇರಿದರೆ 35,400. ಅದಕ್ಕೆ ರಶೀದಿ ಕೊಡಲೇಬೇಕು. ಕಾನೂನಿನಂತೆ ಇಷ್ಟನ್ನೇ ಕೊಟ್ಟಿದ್ದರೆ ಮೇಲಿನ ಉದಾಹರಣೆಯಲ್ಲಿ ತಿಂಗಳಿಗೆ 22,425 ಉಳಿಯುತ್ತಿತ್ತು. ಊರಿನ ದುಡಿಮೆಗಿಂತ 7,425 ಹೆಚ್ಚು. ಕೆಲಸ ಅದೇ, ಸಂಬಳ ಅದೇ, ಬೆವರೂ ಅದೇ. ಒಂದು ಹಣ ಕಡಿಮೆಯಾದುದರಿಂದ ಲಾಭ ಸುಮಾರು ಮೂರು ಪಟ್ಟಾಯಿತು. ಏಜೆಂಟ್ ನೋಂದಾಯಿತನೇ ಅಲ್ಲವೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಹತ್ತನೇ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟಿಗೆ ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹರೈನ್ ಸೇರಿ 18 ದೇಶಗಳಲ್ಲಿ ದುಡಿಯಲು ಸರಕಾರದ ವಲಸೆ ಅನುಮತಿ ಬೇಕು. ಇದನ್ನು ತಪ್ಪಿಸಲು ಕೆಲವರು ವಿಸಿಟ್ ವೀಸಾದಲ್ಲಿ ಕಳುಹಿಸಿ, ಅಲ್ಲಿ ಹೋದ ಮೇಲೆ ಬದಲಾಯಿಸುತ್ತೇವೆ ಎನ್ನುತ್ತಾರೆ. ಈ ಅನುಮತಿ ನಮ್ಮ ಹುಡುಗನಿಗೆ ಅಡ್ಡಿಯಲ್ಲ, ಅದು ಅವನ ರಕ್ಷಣೆ. ಅದರೊಂದಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ದೊರೆಯುತ್ತದೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದರೆ ಹತ್ತು ಲಕ್ಷ ರೂಪಾಯಿ ಸಿಗುವ ಈ ವಿಮೆಗೆ ಎರಡು ವರ್ಷಕ್ಕೆ ಕೇವಲ 275 ರೂಪಾಯಿ. ವಿಸಿಟ್ ವೀಸಾದಲ್ಲಿ ದುಡಿಯುವವನಿಗೆ ಕಾನೂನಿನ ನೆರಳೂ ಇಲ್ಲ, ಈ ವಿಮೆಯೂ ಇಲ್ಲ.

ಒಪ್ಪಂದದ ಕಾಗದದಲ್ಲಿ ಒಟ್ಟು ಸಂಬಳವನ್ನು ಮಾತ್ರ ನೋಡಿದರೆ ಸಾಲದು. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಮೂಲ ವೇತನದ ಮೇಲೆ ಲೆಕ್ಕ ಹಾಕುತ್ತಾರೆ. ಮೊದಲ ಐದು ವರ್ಷಗಳವರೆಗೆ ವರ್ಷಕ್ಕೆ 21 ದಿನಗಳ ಮೂಲ ವೇತನ. 1,800 ದಿರ್ಹಮ್‌ನಲ್ಲಿ ಮೂಲ ವೇತನ 1,000 ಮಾತ್ರವಾಗಿ ಮಿಕ್ಕದ್ದು ಭತ್ಯೆಯಾಗಿದ್ದರೆ ವರ್ಷಕ್ಕೆ ಸಿಗುವುದು 700 ದಿರ್ಹಮ್. ಪೂರ್ಣ 1,800 ಮೂಲ ವೇತನವಾಗಿದ್ದರೆ 1,260. ಸಹಿ ಹಾಕುವ ಮೊದಲು ಒಂದು ಸಾಲನ್ನು ಓದದಿದ್ದುದಕ್ಕೆ ತೆರುವ ಬೆಲೆ ಇದು.

ಓದುಬರಹ ಬಲ್ಲವರು, ಪದವೀಧರರು ಈ ಲೆಕ್ಕ ತಮಗಲ್ಲವೆಂದು ಭಾವಿಸಬಾರದು. ಕುಟುಂಬವನ್ನು ಜೊತೆಗೆ ಕರೆದೊಯ್ಯುವವರ ಲೆಕ್ಕ ಇನ್ನೂ ಕಠಿಣ. ಸೌದಿ ಅರೇಬಿಯಾವು 2017ರ ಜುಲೈಯಲ್ಲಿ ವಿದೇಶಿಯರ ಅವಲಂಬಿತರ ಮೇಲೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕವನ್ನು ಆರಂಭಿಸಿ, ವರ್ಷ ವರ್ಷ ಏರಿಸುತ್ತಾ 2020ಕ್ಕೆ 400ಕ್ಕೆ ತಲುಪಿಸಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ಈ ದರದಲ್ಲಿ ವರ್ಷಕ್ಕೆ 14,400 ರಿಯಾಲ್, ಎಂದರೆ ಮೂರು ಲಕ್ಷ ರೂಪಾಯಿಗೂ ಮಿಗಿಲು. ಬಾಡಿಗೆ, ಶಾಲಾ ಶುಲ್ಕ ಇದರ ಹೊರಗಿನವು. ಅಲ್ಲಿ ಆದಾಯ ತೆರಿಗೆ ಇಲ್ಲವೆಂಬುದು ನಿಜ. ಆದರೆ ಮೌಲ್ಯವರ್ಧಿತ ತೆರಿಗೆಯನ್ನು 2020ರ ಜುಲೈಯಲ್ಲಿ ಶೇ. 5ರಿಂದ ಶೇ. 15ಕ್ಕೆ ಏರಿಸಲಾಯಿತು. ಯುಎಇಯಲ್ಲಿ ಕುಟುಂಬದ ವೀಸಾ ಪಡೆಯಲು 4,000 ದಿರ್ಹಮ್ ಸಂಬಳ, ಅಥವಾ ವಸತಿಯೊಂದಿಗೆ 3,000 ದಿರ್ಹಮ್ ಇರಬೇಕು. ಆದರೆ ವೀಸಾ ಸಿಗಲು ಸಾಕಾಗುವ ಸಂಬಳವು ಬದುಕು ಸಾಗಿಸಲೂ ಸಾಕೆಂದು ಅರ್ಥವಲ್ಲ.

ಇಷ್ಟೆಲ್ಲ ಹಣದ ಲೆಕ್ಕವಾಯಿತು. ಸತ್ಯವಿಶ್ವಾಸಿಯು ಬರೆಯಬೇಕಾದ ಇನ್ನೊಂದು ಲೆಕ್ಕವಿದೆ. ಏಜೆಂಟನಿಗೆ ಕೊಟ್ಟ ಆ ಒಂದೂವರೆ ಲಕ್ಷ ಎಲ್ಲಿಂದ ಬಂತು? ಎಷ್ಟೋ ಮನೆಗಳಲ್ಲಿ ಅದು ಬಡ್ಡಿಯ ಸಾಲ, ಇಲ್ಲವೇ ಹೆಂಡತಿಯ ಒಡವೆ ಅಡವಿಟ್ಟು ತಂದ ಹಣ. ಬಡ್ಡಿಯನ್ನು ಅಲ್ಲಾಹನು ನಿಷಿದ್ಧಗೊಳಿಸಿದ್ದಾನೆ. ಹಲಾಲ್ ಸಂಪಾದನೆಗೆಂದು ಹೊರಟ ಪಯಣದ ಮೊದಲ ಹೆಜ್ಜೆಯೇ ಹರಾಮಿನ ಮೇಲೆ ಊರಿದರೆ ಬರ್ಕತ್ತನ್ನು ಎಲ್ಲಿ ಅರಸುವುದು? ಇನ್ನು ಮಹ್ರ್‌ನ ಚಿನ್ನ ಪತ್ನಿಯ ಸ್ವತ್ತು. ಆಕೆ ಮನಃಪೂರ್ವಕವಾಗಿ ಬಿಟ್ಟುಕೊಟ್ಟರೆ ಮಾತ್ರ ಪತಿ ಅದನ್ನು ಬಳಸಬಹುದೆಂದು ಅನ್ನಿಸಾ ಅಧ್ಯಾಯವು ಸ್ಪಷ್ಟಪಡಿಸುತ್ತದೆ. ಅತ್ತೆ ಮಾವಂದಿರ ಎದುರು ಇಲ್ಲವೆನ್ನಲಾಗದೆ ಬಿಚ್ಚಿಕೊಟ್ಟ ಬಳೆಗೆ ಮನಃಪೂರ್ವಕ ಸಮ್ಮತಿ ಎಂಬ ಹೆಸರಿಡಬಾರದು. ಸಾಲವಾಗಿ ಪಡೆದಿದ್ದರೆ ಅದನ್ನು ಬರೆದಿಡಬೇಕು. ಕುರ್‌ಆನ್‌ನ ಅತಿ ದೀರ್ಘ ಸೂಕ್ತವೇ ಸಾಲವನ್ನು ಬರೆದಿಡುವುದರ ಕುರಿತಾಗಿದೆ; ಗಂಡ ಹೆಂಡಿರ ನಡುವಿನ ಸಾಲಕ್ಕೆ ಅದರಿಂದ ವಿನಾಯಿತಿ ಇಲ್ಲ.

ಅಗಲಿಕೆಯೂ ಒಂದು ವೆಚ್ಚ. ಖಲೀಫಾ ಉಮರ್(ರ) ಒಂದು ರಾತ್ರಿ, ಯುದ್ಧಕ್ಕೆ ಹೋದ ಪತಿಯನ್ನು ನೆನೆದು ಕೊರಗುವ ಸ್ತ್ರೀಯೊಬ್ಬಳ ದನಿ ಕೇಳಿದರು. ಪತಿಯಿಲ್ಲದೆ ಸ್ತ್ರೀಯು ಎಷ್ಟು ಕಾಲ ಸಹಿಸಿಯಾಳೆಂದು ಮಗಳು ಹಫ್ಸಾ(ರ)ರಲ್ಲಿ ವಿಚಾರಿಸಿ, ಸೈನಿಕರನ್ನು ಅದಕ್ಕಿಂತ ಹೆಚ್ಚು ಕಾಲ ಮನೆಯಿಂದ ದೂರ ಇರಿಸಬಾರದೆಂದು ಆಜ್ಞಾಪಿಸಿದರು. ಆ ಅವಧಿ ನಾಲ್ಕು ತಿಂಗಳೆಂದು ಕೆಲವು ವರದಿಗಳಲ್ಲಿದೆ, ಆರು ತಿಂಗಳೆಂದು ಇನ್ನು ಕೆಲವಲ್ಲಿದೆ. ಸಾಮ್ರಾಜ್ಯದ ರಕ್ಷಣೆಗೆ ನಿಂತವರಿಗೂ ಮಿತಿಯಿತ್ತು. ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ತಂದೆಯನ್ನು ಮಗು ಅಪರಿಚಿತನಂತೆ ನೋಡಿ ಅಜ್ಜಿಯ ಸೆರಗಿನ ಹಿಂದೆ ಅಡಗುತ್ತದೆ. ತನ್ನ ಮೇಲೆ ಅವಲಂಬಿತರಾದವರನ್ನು ಕಡೆಗಣಿಸುವುದೇ ಒಬ್ಬನಿಗೆ ಪಾಪವಾಗಿ ಸಾಕೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಹಣ ಕಳುಹಿಸಿದ ಮಾತ್ರಕ್ಕೆ ಆ ಹೊಣೆ ತೀರಿತೆನ್ನಬಹುದೇ? ಹೊರಡುವ ಮುನ್ನ ಪತ್ನಿಯೊಂದಿಗೆ ಕುಳಿತು, ಎಷ್ಟು ವರ್ಷ, ಯಾವ ಉದ್ದೇಶಕ್ಕೆ, ಯಾವಾಗ ಮರಳುವುದು ಎಂದು ನಿರ್ಧರಿಸಿರಬೇಕು. ಆಕೆಯ ಒಪ್ಪಿಗೆಯಿಲ್ಲದ ಲೆಕ್ಕ ಅಪೂರ್ಣ.

ಇಲ್ಲಿ ಕೆಲಸವೆಲ್ಲಿದೆ, ಹೋಗದೆ ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ನಮ್ಮದು ಮಳೆಯನ್ನು ನಂಬಿದ ನಾಡು. 1933ರಲ್ಲಿ ಕೋಡಿ ಬಿದ್ದ ವಾಣಿ ವಿಲಾಸ ಸಾಗರ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಹೊಳಲ್ಕೆರೆ, ಹೊಸದುರ್ಗದ ಅಡಿಕೆ, ತೆಂಗು ತೋಟ ಇದ್ದವರಿಗೆ ಒಂದು ಆಸರೆ; ಜಮೀನಿಲ್ಲದ ಗ್ಯಾರೇಜಿನ ಹುಡುಗನಿಗೆ, ಗಾರೆ ಕೆಲಸದವನಿಗೆ ಅದೂ ಇಲ್ಲ. ಅವನು ಹೋಗಲಿ. ಆದರೆ ಯಾವ ಖರ್ಚು ಅವನನ್ನು ಹೊರಡಿಸುತ್ತಿದೆ ಎಂಬುದನ್ನು ನಾವು ಪ್ರಾಮಾಣಿಕವಾಗಿ ನೋಡಬೇಕು. ತಂಗಿಯ ಮದುವೆಗೆ ವರದಕ್ಷಿಣೆ, ದೊಡ್ಡ ಶಾದಿ ಮಹಲ್, ಸಾವಿರ ಜನರ ಊಟ, ಇವುಗಳಿಗಾಗಿ ಮೂರು ವರ್ಷ ಪರದೇಶದಲ್ಲಿ ದುಡಿಯುವ ಅಣ್ಣಂದಿರು ನಮ್ಮಲ್ಲಿ ಇಲ್ಲವೇ? ದುಂದುವೆಚ್ಚವನ್ನೂ ಜಿಪುಣತನವನ್ನೂ ಬಿಟ್ಟು ಮಧ್ಯಮ ಮಾರ್ಗದಲ್ಲಿ ಖರ್ಚು ಮಾಡುವವರೇ ಪರಮ ದಯಾಮಯನ ದಾಸರೆಂದು ಅಲ್ ಫುರ್ಕಾನ್ ಅಧ್ಯಾಯವು ವರ್ಣಿಸುತ್ತದೆ. ವರದಕ್ಷಿಣೆಯನ್ನು ನಿಲ್ಲಿಸಿದರೆ ಎಷ್ಟೋ ವೀಸಾಗಳ ಅಗತ್ಯವೇ ಬೀಳದು.

ಮಸೀದಿಗಳ ಜಮಾಅತ್‌ಗಳು ಮನಸ್ಸು ಮಾಡಿದರೆ ಇದಕ್ಕೊಂದು ದಾರಿಯಿದೆ. ಕೊಲ್ಲಿಯಲ್ಲಿ ದುಡಿದು ಬಂದ ಇಬ್ಬರು ಮೂವರು ನಮ್ಮ ನಾಲ್ಕೂ ಊರುಗಳಲ್ಲಿ ಸಿಗುತ್ತಾರೆ. ತಿಂಗಳಿಗೊಂದು ದಿನ ಅವರು ಮಸೀದಿಯಲ್ಲಿ ಕುಳಿತು, ಹೊರಡಲಿರುವವರ ಒಪ್ಪಂದವನ್ನು ಓದಿಕೊಡಲಿ, ಏಜೆಂಟನ ನೋಂದಣಿಯನ್ನು ಪರಿಶೀಲಿಸಲಿ. ಬಡವನಾದರೆ ಬೈತುಲ್ ಮಾಲ್‌ನಿಂದ ಬಡ್ಡಿರಹಿತ ಸಾಲ ನೀಡಲಿ. 35,400 ರೂಪಾಯಿ ಒಂದು ಜಮಾಅತಿಗೆ ಅಸಾಧ್ಯದ ಮೊತ್ತವೇನಲ್ಲ.

ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆಯಿಡಬೇಕೋ, ಬಿಟ್ಟು ಭರವಸೆಯಿಡಬೇಕೋ ಎಂದು ಕೇಳಿದವನಿಗೆ ಪ್ರವಾದಿವರ್ಯರು(ಸ) ಮೊದಲು ಕಟ್ಟಲು, ಬಳಿಕ ಭರವಸೆಯಿಡಲು ಹೇಳಿದರು. ಲೆಕ್ಕ ಬರೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. ನಮ್ಮ ಕಾಲದಲ್ಲಿ ಒಂಟೆ ಕಟ್ಟುವ ಹಗ್ಗವೇ ಆ ಲೆಕ್ಕ. ಲೆಕ್ಕ ಬರೆದು, ಬಲ್ಲವರಲ್ಲಿ ಸಮಾಲೋಚಿಸಿ, ಇಸ್ತಿಖಾರದ ಎರಡು ರಕ್‌ಅತ್ ನಮಾಝ್ ನಿರ್ವಹಿಸಿ ಹೊರಡುವವನು ಇಲ್ಲೇ ಉಳಿದರೂ ಅಲ್ಲಿಗೆ ಹೋದರೂ ಪಶ್ಚಾತ್ತಾಪಪಡಲಾರ. ಪರದೇಶದಲ್ಲಿ ಬೆವರು ಸುರಿಸುತ್ತಿರುವ ನಮ್ಮ ಮಕ್ಕಳ ದುಡಿಮೆಯಲ್ಲಿ ಅಲ್ಲಾಹನು ಬರ್ಕತ್ತನ್ನು ನೀಡಲಿ, ಅವರನ್ನು ಸುರಕ್ಷಿತವಾಗಿ ಅವರ ಮನೆಗಳಿಗೆ ಮರಳಿಸಲಿ. ಆಮೀನ್.