ಪದ ಕಟ್ಟಿದವಳಿಗೆ ಹೆಸರಿಲ್ಲವೇ?

ನಮ್ಮ ಕ್ಯಾಂಟೀನಿನಲ್ಲಿ ಹಾಡಿನ ಮಾತು ಶುರುವಾದರೆ ಸಾಕು, ಕನ್ನಡ ಎಂ.ಎ. ಓದುವವರ ಬಾಯಲ್ಲೂ ಇಂಗ್ಲಿಷ್ ಪದಗಳು ಸಾಲುಗಟ್ಟಿ ಬರುತ್ತವೆ. ಲಿರಿಕ್ಸ್ ಚೆನ್ನಾಗಿದೆ, ಟ್ಯೂನ್ ಕ್ಯಾಚಿಯಾಗಿದೆ, ವಾಯ್ಸಿನಲ್ಲಿ ಫೀಲ್ ಇದೆ, ಹೈ ಪಿಚ್ಚಿನಲ್ಲಿ ಸ್ವಲ್ಪ ಎಡವಿದರು. ಟೀವಿ ಸ್ಪರ್ಧೆಗಳ ತೀರ್ಪುಗಾರರ ಭಾಷೆ ಇದೇ, ನನ್ನದೂ ಇದೇ. ಇದರ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಯುರೋಪಿನಿಂದ ಬಂದ ಹಾರ್ಮೋನಿಯಂ ನಮ್ಮ ಕಂಪನಿ ನಾಟಕಗಳ ರಂಗಗೀತೆಗೆ ಜೀವ ತುಂಬಿತು. ಯಾರೂ ಅದನ್ನು ವಾಪಸ್ ಕಳಿಸಲಿಲ್ಲ. ಟ್ಯೂನು, ಮೈಕು, ಕೋರಸ್ಸುಗಳೂ ಹಾಗೇ ಇರಲಿ.

ನನ್ನ ಜಗಳ ಕ್ಯಾಂಟೀನಿನ ಜೊತೆ ಅಲ್ಲ, ನಮ್ಮ ಸಂಶೋಧನೆಯ ಜೊತೆ. ಅಲ್ಲಿ ಈ ಪದಗಳು ಬರೀ ಪದಗಳಾಗಿ ಉಳಿಯುವುದಿಲ್ಲ, ಫಾರ್ಮಿನ ಕಾಲಂಗಳಾಗುತ್ತವೆ.

ಪಿಎಚ್.ಡಿ.ಯ ಮೊದಲ ವರ್ಷ ಕ್ಷೇತ್ರಕಾರ್ಯಕ್ಕೆ ವಿಜಯಪುರದ ಕಡೆ ಹೋದಾಗ ನನ್ನ ಕೈಯಲ್ಲಿ ಅಂಥದೊಂದು ಫಾರ್ಮ್ ಇತ್ತು. ಟೈಟಲ್, ಲಿರಿಸಿಸ್ಟ್, ಕಂಪೋಸರ್, ಸಿಂಗರ್, ಜಾನರ್ ಎಂದು ಐದು ಕಾಲಂ. ಎಪ್ಪತ್ತು ದಾಟಿದ ಒಬ್ಬ ಆಯಿ ನನಗಾಗಿ ಬೀಸುವ ಪದ ಹೇಳಿದರು. ಮುಗಿದ ಮೇಲೆ ನಾನು ಫಾರ್ಮ್ ತೆರೆದೆ.

“ಇದು ಯಾರು ಬರೆದದ್ದು, ಆಯಿ?”

“ಬರ್ಯಾಕ ನಮಗೆಲ್ಲಿ ಬರ್ತೈತಿ ತಂಗಿ? ನಮ್ಮವ್ವ ಕಲಿಸಿದ ಪದ. ಕಡೀಕಿನ ಎರಡು ನುಡಿ ನಂದು. ನನ್ನ ತಮ್ಮ ತೀರಿಕೊಂಡಾಗ ಬೀಸೂಕಲ್ಲಿನ ಮುಂದ ಕುಂತು ಕಟ್ಟೀನಿ.”

ನಾನು ತಲೆಯಾಡಿಸಿದೆ. ಲಿರಿಸಿಸ್ಟ್ ಕಾಲಮ್ಮಿನಲ್ಲಿ ‘ಅನಾನಿಮಸ್’ ಎಂದು ಬರೆದೆ. ಜಾನರ್ ಕಾಲಮ್ಮಿನಲ್ಲಿ ‘ಫೋಕ್ ಸಾಂಗ್’. ಸಿಂಗರ್ ಕಾಲಮ್ಮಿನಲ್ಲಿ ಮಾತ್ರ ಆಯಿಯ ಹೆಸರು. ಕಟ್ಟಿದವಳು ಎದುರಿಗೇ ಕೂತು ‘ನಂದು’ ಎಂದಿದ್ದಳು. ಆದರೂ ನನಗೆ ಕೇಳಿಸಲಿಲ್ಲ, ಏಕೆಂದರೆ ಫೋಕ್ ಸಾಂಗಿಗೆ ಕರ್ತೃ ಇರುವುದಿಲ್ಲ ಎಂದು ನಾನು ಮೊದಲೇ ಕಲಿತು ಹೋಗಿದ್ದೆ.

‘ಫೋಕ್‌ಲೋರ್’ ಎಂಬ ಪದವನ್ನು ವಿಲಿಯಂ ಥಾಮ್ಸ್ ಎಂಬ ಇಂಗ್ಲಿಷ್ ವಿದ್ವಾಂಸ ಟಂಕಿಸಿದ್ದು 1846ರಲ್ಲಿ. ಅದಕ್ಕೂ ಮೊದಲು ಜರ್ಮನಿಯಲ್ಲಿ ಹರ್ಡರ್ ‘ಜನರ ಹಾಡು’ ಎಂಬ ಅರ್ಥದ ಪದವನ್ನು ಚಾಲ್ತಿಗೆ ತಂದಿದ್ದ. ಒಂದು ಜನಾಂಗದ ಆತ್ಮವೇ ಹಾಡುತ್ತದೆ ಎಂಬ ಕಲ್ಪನೆ ಆ ಪದಗಳ ಹಿಂದಿತ್ತು. ಕೇಳಲು ಸೊಗಸಾದ ಕಲ್ಪನೆ. ಆದರೆ ಜನಾಂಗ ಹಾಡುವಾಗ ಬೀಸುವವಳು ಕಾಣೆಯಾಗುತ್ತಾಳೆ.

‘ಬ್ಯಾಲಡ್’ ತೆಗೆದುಕೊಳ್ಳಿ. 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಸಂಗೊಳ್ಳಿ ರಾಯಣ್ಣನದೂ ಸೇರಿದಂತೆ ಕೆಲವು ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದರು. ಅವರ ಉಪಕಾರ ದೊಡ್ಡದು. ಆದರೆ ಅವರಿಟ್ಟ ‘ಬ್ಯಾಲಡ್’ ಎಂಬ ಹೆಸರನ್ನು ನಾವು ಇಂದಿಗೂ ಪ್ರಶ್ನಿಸದೆ ಬಳಸುತ್ತೇವೆ. ಬ್ಯಾಲಡ್ ಎಂದರೆ ಕಥೆ ಹೇಳುವ ಹಾಡು. ನಮ್ಮ ಹರದೇಶಿ-ನಾಗೇಶಿಯಲ್ಲಿ ಎರಡು ಮೇಳಗಳು ಎದುರುಬದುರು ನಿಂತು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡಿನಲ್ಲೇ ಸವಾಲು ಹಾಕಿ ಹಾಡಿನಲ್ಲೇ ಜವಾಬು ಕೊಡುತ್ತವೆ. ಅದು ವಾದ. ಬ್ಯಾಲಡ್ ಎಂದ ಕೂಡಲೇ ವಾದ ಹೋಯಿತು, ಕಥೆ ಉಳಿಯಿತು.

ಇಂಗ್ಲಿಷಿನವರೇ ತಮ್ಮ ಈ ಪದವನ್ನು ರಿಪೇರಿ ಮಾಡಿಕೊಂಡಿದ್ದಾರೆ ಎಂಬುದು ತಮಾಷೆ. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ 305 ಬ್ಯಾಲಡ್‌ಗಳನ್ನು ಸಂಪಾದಿಸಿದಾಗ ಆತನ ಗಮನವಿದ್ದದ್ದು ಮುಖ್ಯವಾಗಿ ಪಠ್ಯದ ಮೇಲೆ. ಅವುಗಳ ಮಟ್ಟುಗಳನ್ನು ಒಟ್ಟುಗೂಡಿಸಲು ಬರ್ಟ್ರಂಡ್ ಬ್ರಾನ್ಸನ್ 1959ರಿಂದ 1972ರವರೆಗೆ ಬೇರೆಯೇ ನಾಲ್ಕು ಸಂಪುಟ ತರಬೇಕಾಯಿತು. ಚೈಲ್ಡ್‌ನ ಅತಿ ಮುಖ್ಯ ಆಕರಗಳಲ್ಲಿ ಒಬ್ಬಳು ಆ್ಯನಾ ಗಾರ್ಡನ್ ಎಂಬ ಸ್ಕಾಟಿಷ್ ಹೆಂಗಸು. ಆಕೆ ಹಾಡುಗಳನ್ನು ಯಾರಿಂದ ಕಲಿತಳು, ಎಷ್ಟನ್ನು ತಾನೇ ತಿದ್ದಿ ಬೆಳೆಸಿದಳು ಎಂದು ಅಲ್ಲಿನ ವಿದ್ವಾಂಸರು ಪುಸ್ತಕಗಟ್ಟಲೆ ಚರ್ಚಿಸಿದ್ದಾರೆ. ಅವರು ದಾಟಿ ಬಂದ ತಪ್ಪನ್ನು ನಾವು ಸಿದ್ಧಾಂತವೆಂದು ತಲೆ ಮೇಲೆ ಹೊತ್ತಿದ್ದೇವೆ.

ನಮ್ಮಲ್ಲಿ ಪದಗಳಿಗೆ ಬರವಿತ್ತೇ? ನಾಗವರ್ಮನ ‘ಕಾವ್ಯಾವಲೋಕನ’ ಮೆಲ್ವಾಡು, ಪಾಡುಗಬ್ಬ, ಬಾಜನೆಗಬ್ಬ ಎಂದು ಹಾಡಿನ ಬಗೆಗಳನ್ನು ಹೆಸರಿಸುತ್ತದೆ. ಅಷ್ಟು ಹಿಂದೆ ಹೋಗಬೇಕಾಗಿಯೂ ಇಲ್ಲ. ಬೀಸುವ ಪದ, ಡೊಳ್ಳಿನ ಪದ, ಕೋಲಾಟದ ಪದ: ಕೈಯಲ್ಲಿ ಏನಿದೆ, ಮೈ ಏನು ಮಾಡುತ್ತಿದೆ ಎಂಬುದು ಹೆಸರಿನಲ್ಲೇ ಇದೆ. ‘ಪದ’ ಎಂದರೆ ಮಾತೂ ಹೌದು, ಹಾಡೂ ಹೌದು. ಲಿರಿಕ್ಸ್ ಬೇರೆ, ಟ್ಯೂನ್ ಬೇರೆ ಎಂಬ ಪಾಲುಪಟ್ಟಿ ಅಲ್ಲಿಲ್ಲ. ಕ್ರಿಯಾಪದಗಳನ್ನೂ ನೋಡಿ. ಪದ ಕಟ್ಟುತ್ತಾರೆ, ಪದ ಹೇಳುತ್ತಾರೆ, ಸೊಲ್ಲು ಹಿಡಿಯುತ್ತಾರೆ, ನುಡಿ ಸೇರಿಸುತ್ತಾರೆ. ಯಕ್ಷಗಾನದ ಭಾಗವತರೂ ಪದ ಹೇಳುತ್ತಾರೆ. ಇವೆಲ್ಲಕ್ಕೂ ‘ಸಿಂಗಿಂಗ್’ ಎಂದು ಬರೆದರೆ ‘ಕಟ್ಟುವುದು’ ಎಲ್ಲಿ ಹೋಯಿತು?

ಇದು ಭಾಷಾಭಿಮಾನದ ರಾಗ ಎನ್ನುವವರಿಗೆ ಒಂದು ಮಾತು. ಇಂಗ್ಲಿಷ್ ತೆಗೆದು ಸಂಸ್ಕೃತ ತುಂಬಿದರೆ ಏನೂ ಬದಲಾಗುವುದಿಲ್ಲ. ‘ಅನಾನಿಮಸ್’ ಬದಲು ‘ಅಜ್ಞಾತ ಕರ್ತೃ’ ಎಂದು ಬರೆದಿದ್ದರೂ ಆಯಿಯ ಎರಡು ನುಡಿ ಅನಾಥವಾಗಿಯೇ ಇರುತ್ತಿದ್ದವು. ಎಲ್ಲ ಹಾಡಿಗೂ ಪಲ್ಲವಿ, ಚರಣ ಎಂದು ಕಚೇರಿ ಸಂಗೀತದ ಅಳತೆಪಟ್ಟಿ ಹಿಡಿಯುವುದೂ ಇದೇ ಜಾತಿಯ ತಪ್ಪು. ಪದ ಯಾವ ಭಾಷೆಯದು ಎಂಬುದಕ್ಕಿಂತ, ಅದು ಹಾಡುವವರ ಬಾಯಿಂದ ಬಂತೋ ನಮ್ಮ ಫಾರ್ಮಿನಿಂದ ಬಂತೋ ಎಂಬುದು ಮುಖ್ಯ.

ಇಂಗ್ಲಿಷ್ ಜರ್ನಲ್‌ಗಳಿಗೆ ಇಂಗ್ಲಿಷಿನಲ್ಲೇ ಬರೆಯಬೇಕಲ್ಲ ಎಂದು ಗೆಳೆಯರು ಕೇಳುತ್ತಾರೆ. ಬರೆಯೋಣ. ರಾಗ ಎಂಬ ಪದ ಅನುವಾದವಿಲ್ಲದೆ ಅಲ್ಲಿ ಓಡಾಡಿಕೊಂಡಿದೆ; ಪದ, ಸೊಲ್ಲು, ನುಡಿಗಳಿಗೆ ಆ ರಹದಾರಿ ಏಕೆ ಸಿಗಬಾರದು? ಫಾರ್ಮುಗಳನ್ನೂ ಬದಲಿಸೋಣ. ಯಾರಿಂದ ಕಲಿತಿರಿ? ಯಾವ ಕೆಲಸದ ಜೊತೆ ಹೇಳುತ್ತೀರಿ? ಇದರಲ್ಲಿ ನಿಮ್ಮ ನುಡಿ ಯಾವುದು? ಮೂರು ಪ್ರಶ್ನೆ ಸಾಕು.

ಆಯಿಯ ಮಾತು ರೆಕಾರ್ಡಿಂಗಿನಲ್ಲಿತ್ತು. ಎರಡು ವರ್ಷದ ನಂತರ ಅಧ್ಯಾಯ ಬರೆಯಲು ಕೂತು ಮತ್ತೆ ಕೇಳಿದಾಗ ನನಗೆ ನಾಚಿಕೆಯಾಯಿತು. ಆ ಕಾಲಂ ತಿದ್ದಿ ಅವರ ಹೆಸರು, ಅವರ ಅವ್ವನ ಹೆಸರು ಬರೆದಿದ್ದೇನೆ. ನನ್ನ ಬಳಿ ಇನ್ನೂ ಮೂವತ್ತೊಂದು ಫಾರ್ಮುಗಳಿವೆ. ಎಲ್ಲದರಲ್ಲೂ ‘ಅನಾನಿಮಸ್’ ಎಂದೇ ಇದೆ. ಅವುಗಳಲ್ಲಿ ಯಾರ ನುಡಿ ಎಲ್ಲಿದೆಯೋ ನನಗೆ ಗೊತ್ತಿಲ್ಲ. ನಾನು ಕೇಳಿರಲೇ ಇಲ್ಲ.