ಅಡುಗೆಮನೆಯ ಹೊಸ್ತಿಲು

ಮೆಕ್ಸಿಕೊದ ಲೇಖಕಿ ಲಾರಾ ಎಸ್ಕಿವೆಲ್ ಅವರು 1989ರಲ್ಲಿ ಪ್ರಕಟಿಸಿದ ಕಾದಂಬರಿಯೊಂದರಲ್ಲಿ ಹನ್ನೆರಡು ಅಧ್ಯಾಯಗಳು. ಒಂದೊಂದಕ್ಕೂ ಒಂದೊಂದು ಅಡುಗೆ. ಕಿರಿಯ ಮಗಳು ಮದುವೆಯಾಗದೆ ತಾಯಿಯ ಸೇವೆಯಲ್ಲಿಯೇ ಇರತಕ್ಕದ್ದೆಂಬುದು ಆ ಮನೆತನದ ಸಂಪ್ರದಾಯ. ಆದುದರಿಂದ ತೀತಾಳನ್ನು ಒಲಿದವನು ಅವಳ ಅಕ್ಕನ ಗಂಡನಾಗುತ್ತಾನೆ. ಅವಳ ಕಣ್ಣೀರು ಬೆರೆತ ಕೇಕನ್ನು ತಿಂದು ಮದುವೆಯ ಅತಿಥಿಗಳೆಲ್ಲರೂ ಅಳತೊಡಗುತ್ತಾರೆ.

ಇದು ಪರದೇಶದ ಕಥೆಯೆಂದು ಪುಸ್ತಕವನ್ನು ಮುಚ್ಚಿಡುವಂತಿಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿಯೇ ಬಂದಿತ್ತು. ಬಾಲವಿಧವೆ ಫಣಿಯಮ್ಮ ಮಡಿ, ಒಪ್ಪೊತ್ತು, ಮನೆಗೆಲಸಗಳಲ್ಲಿ ದೀರ್ಘಾಯುಷ್ಯವನ್ನು ಸವೆಸಿದಾಕೆ. ಆದರೂ ತರುಣ ವಿಧವೆಯೊಬ್ಬಳು ಕೇಶಮುಂಡನಕ್ಕೆ ಒಪ್ಪದಿದ್ದಾಗ ಅವಳ ಪಕ್ಷ ವಹಿಸಿದವಳು ಆಕೆಯೇ. ತಾನುಂಡ ಕಹಿಯನ್ನು ಮತ್ತೊಬ್ಬಳ ಎಲೆಗೆ ಬಡಿಸದಿರುವುದಕ್ಕಿಂತ ದೊಡ್ಡ ಧರ್ಮ ಯಾವುದು?

ನಮ್ಮ ಮನೆಯಲ್ಲಿಯೂ ಇಪ್ಪತ್ತನಾಲ್ಕರಲ್ಲೇ ಗಂಡನನ್ನು ಕಳೆದುಕೊಂಡ ಸೋದರತ್ತೆ ಇದ್ದರು. ನನಗೆ ಹತ್ತು ವರ್ಷವಾಗಿದ್ದಾಗ ಅವರಿಗೆ ಶಾಲಾ ಮಾಸ್ತರೊಬ್ಬರಿಂದ ಕಾಗದ ಬಂದಿತು. ಏನೂ ಅರಿಯದ ನಾನು ಅದನ್ನು ತಾತನವರ ಕೈಗಿತ್ತೆ. ಅವರು ಓದಿ, ಮಾತಿಲ್ಲದೆ ಒಲೆಗೆ ಹಾಕಿದರು. ಅದೇ ಒಲೆಯ ಮೇಲೆ ಅತ್ತೆಯ ಸಾರು ಕುದಿಯುತ್ತಿತ್ತು. ಕಾದಂಬರಿಯಲ್ಲಿ ದುಃಖವು ಅಡುಗೆಯ ರುಚಿಯಲ್ಲಿ ಹೊರಬೀಳುತ್ತದೆ. ನಮ್ಮ ಮನೆಯಲ್ಲಿ ಅಂದಿನ ಸಾರಿಗೆ ಉಪ್ಪು ಹುಳಿ ಹದವಾಗಿಯೇ ಇದ್ದುವು. ಎಲ್ಲರೂ ಎರಡು ಬಾರಿ ಹಾಕಿಸಿಕೊಂಡರು. ಬ್ಯಾಂಕಿನಲ್ಲಿ ದಿನವೂ ಲೆಕ್ಕ ನೋಡುವ ನನಗೆ ಆ ಒಂದು ಬಾಕಿ ಇಂದಿಗೂ ತೀರಿಲ್ಲ.

ಈ ತ್ರಿಪ್ಪುಣಿತ್ತುರಕ್ಕೆ ವರ್ಗವಾಗಿ ಬಂದ ಮೇಲೆ ನಾನರಿತ ಸಂಗತಿಯೊಂದುಂಟು. ವಿ. ಟಿ. ಭಟ್ಟತಿರಿಪ್ಪಾಡರು 1929ರಲ್ಲಿ ನಂಬೂದಿರಿ ಮನೆಗಳ ಸ್ತ್ರೀಯರ ಬಂಧನವನ್ನು ಕುರಿತು ರಚಿಸಿದ ನಾಟಕದ ಹೆಸರಿನ ಅರ್ಥ ‘ಅಡುಗೆಮನೆಯಿಂದ ರಂಗಕ್ಕೆ’ ಎಂದು. ಆ ದಾರಿಯನ್ನು ನಾವಿನ್ನೂ ಪೂರ್ಣವಾಗಿ ಕ್ರಮಿಸಿಲ್ಲವೆಂಬುದು ನನ್ನ ಅಭಿಮತ. ನಮ್ಮ ರಾಜ್ಯೋತ್ಸವವನ್ನೇ ನೋಡೋಣ. ಪುರುಷರು ವೇದಿಕೆಯಲ್ಲಿ ಕನ್ನಡ ಸಂಸ್ಕೃತಿಯನ್ನು ಕೊಂಡಾಡುತ್ತಿರುವಾಗ, ಆ ಸಂಸ್ಕೃತಿಯನ್ನು ಬಿಸಿಬೇಳೆಭಾತಿನ ರೂಪದಲ್ಲಿ ಸಿದ್ಧಪಡಿಸುವ ತಾಯಂದಿರು ಹಿಂಬದಿಯ ಹೊಗೆಯಲ್ಲಿರುತ್ತಾರೆ. ಕೊನೆಯ ಪಂಕ್ತಿಯಲ್ಲಿ ಅವರು ಉಣ್ಣುವುದು ಆರಿದ ಅನ್ನ. ಆರೋಗ್ಯಲೇಖನಗಳಿಗೂ ಸ್ಥಳವಿರುವ ಈ ಸಂಚಿಕೆಯಲ್ಲಿ ಇದೂ ಆರೋಗ್ಯದ ವಿಷಯವೇ ಎಂದು ಹೇಳಬಯಸುತ್ತೇನೆ.

ಸಂಪ್ರದಾಯದ ಅಡುಗೆ ಉಳಿಯಲಿ. ಅದನ್ನು ಎಲ್ಲರೂ ಕಲಿಯಲಿ. ಮುಂದಿನ ವರ್ಷ ಸೌಟು ನಮ್ಮ ಕೈಗೆ ಬರಲಿ, ಮಾತು ಅವರದಾಗಲಿ. ನಮ್ಮ ಮನೆಯ ಹೆಣ್ಣುಮಗಳಿಗೆ ಬಂದ ಕಾಗದವು ಅವಳ ಕೈಯನ್ನೇ ಸೇರಲಿ.