ಎಳವೆಯ ಚಿತ್ರಗಳನ್ನು ಎಸೆಯುವ ಮುನ್ನ

ಕಿರಿಯ ಕಲಾವಿದರ ನಡುವೆ ಈಚೆಗೆ ಒಂದು ರೂಢಿ ಬೆಳೆದಿದೆ. ಹತ್ತು ವರ್ಷಗಳ ಹಿಂದೆ ಬರೆದ ಚಿತ್ರವೊಂದನ್ನು ಹುಡುಕಿ ತೆಗೆದು, ಅದೇ ವಸ್ತುವನ್ನು ಈಗಿನ ಕೈಯಲ್ಲಿ ಮತ್ತೊಮ್ಮೆ ಬರೆದು, ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುವುದು. ಎಡಗಡೆಯ ಮುಖದಲ್ಲಿ ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ. ಬಲಗಡೆಯದರಲ್ಲಿ ಎಲ್ಲವೂ ಅಳತೆಗೆ ಸರಿ. ನೋಡಿದವರು ಮೆಚ್ಚುತ್ತಾರೆ, ಬರೆದವರಿಗೂ ಸಮಾಧಾನ. ಇದರಲ್ಲಿ ತಪ್ಪೇನೂ ಇಲ್ಲ. ಕಲಿಕೆಯ ಮೊದಲ ವರ್ಷಗಳು ಕೈ ಪಳಗುವ ಕಾಲ. ಪಳಗಿದೆಯೇ ಇಲ್ಲವೇ ಎಂದು ನೋಡಿಕೊಳ್ಳಲು ಇದಕ್ಕಿಂತ ನೇರವಾದ ದಾರಿಯಿಲ್ಲ. ನನ್ನ ತಕರಾರು ಇರುವುದು ಇದೇ ಅಳತೆಗೋಲನ್ನು ಕಲಾವಿದನ ಇಡೀ ಬದುಕಿಗೆ ಹಿಡಿಯುವುದರ ಬಗ್ಗೆ. ‘ಎಷ್ಟು ಸುಧಾರಿಸಿದ್ದೀರಿ’ ಎಂಬ ಮಾತಿನ ಬೆನ್ನಿಗೇ ‘ಹಳೆಯದನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರಿ’ ಎಂಬ ಮಾತೂ ಬರುತ್ತದೆ. ಆಮೇಲೆ ಚಿತ್ರ ಅಟ್ಟ ಸೇರುತ್ತದೆ; ಅಟ್ಟದಿಂದ ರದ್ದಿಗೆ.

ಬಾರ್ಸೆಲೋನಾದ ಪಿಕಾಸೋ ವಸ್ತುಸಂಗ್ರಹಾಲಯದಲ್ಲಿ ‘ವಿಜ್ಞಾನ ಮತ್ತು ದಯೆ’ ಎಂಬ ದೊಡ್ಡ ತೈಲಚಿತ್ರವಿದೆ. ಹಾಸಿಗೆ ಹಿಡಿದ ಹೆಂಗಸು. ಒಂದು ಬದಿಯಲ್ಲಿ ನಾಡಿ ನೋಡುತ್ತಿರುವ ವೈದ್ಯ, ಇನ್ನೊಂದು ಬದಿಯಲ್ಲಿ ಮಗುವನ್ನೆತ್ತಿಕೊಂಡ ಕ್ರೈಸ್ತ ಸನ್ಯಾಸಿನಿ. 1897ರಲ್ಲಿ ಇದನ್ನು ಬರೆದಾಗ ಪಿಕಾಸೋಗೆ 15 ವರ್ಷ. ವೈದ್ಯನ ಪಾತ್ರಕ್ಕೆ ರೂಪದರ್ಶಿಯಾಗಿ ಕುಳಿತವನು ಚಿತ್ರಕಲಾ ಶಿಕ್ಷಕನಾಗಿದ್ದ ಸ್ವಂತ ತಂದೆ. ನೆರಳು, ಬೆಳಕು, ಹೊದಿಕೆಯ ಮಡಿಕೆ ಯಾವುದರಲ್ಲೂ ಪರೀಕ್ಷಕರು ಅಂಕ ಕಳೆಯುವಂತಿಲ್ಲ. ಹತ್ತು ವರ್ಷ ಕಳೆದು, 1907ರಲ್ಲಿ ಇದೇ ಕೈ ‘ಅವಿಗ್ನಾನ್‌ನ ಹೆಂಗಳೆಯರು’ ಚಿತ್ರವನ್ನು ಬರೆಯಿತು: ಕೊಡಲಿಯಿಂದ ಕಡಿದಂಥ ದೇಹಗಳು, ಮುಖವಾಡದಂಥ ಮುಖಗಳು. ಈ ಎರಡನ್ನು ಅಕ್ಕಪಕ್ಕ ಇಟ್ಟು ‘ಸುಧಾರಣೆ’ಯ ಅಳತೆಗೋಲು ಹಿಡಿದರೆ ಹುಡುಗ ಕೆಟ್ಟುಹೋದ ಎಂದೇ ತೀರ್ಪು ಕೊಡಬೇಕಾಗುತ್ತದೆ. ಪಿಕಾಸೋ ಏನನ್ನು ಬಿಟ್ಟುಕೊಟ್ಟು ಎಲ್ಲಿಗೆ ಹೋದ ಎಂಬುದು ಗೊತ್ತಾಗಬೇಕಾದರೆ ಆ ಮೊದಲ ಚಿತ್ರ ಕಣ್ಣ ಮುಂದೆ ಇರಲೇಬೇಕು. ಅದು ಉಳಿದದ್ದು ಮನೆಯವರು ಇಟ್ಟುಕೊಂಡದ್ದರಿಂದ. ಬಾರ್ಸೆಲೋನಾದಲ್ಲಿ ಕುಟುಂಬದವರ ಬಳಿ ಇದ್ದ ಎಳವೆಯ ಚಿತ್ರಗಳನ್ನೂ ಗೀಚುಪುಸ್ತಕಗಳನ್ನೂ ಪಿಕಾಸೋ 1970ರಲ್ಲಿ, ತನ್ನ 88ನೇ ವಯಸ್ಸಿನಲ್ಲಿ, ಆ ಸಂಗ್ರಹಾಲಯಕ್ಕೆ ದಾನ ಮಾಡಿದ.

ರೋಗಶಯ್ಯೆಯ ಇನ್ನೊಂದು ಚಿತ್ರ ನಾರ್ವೆಯ ಎಡ್ವರ್ಡ್ ಮುಂಕ್‌ನದು. ಅಕ್ಕ ಸೋಫಿ 1877ರಲ್ಲಿ ಕ್ಷಯದಿಂದ ತೀರಿಕೊಂಡಾಗ ಆಕೆಗೆ 15, ಮುಂಕ್‌ಗೆ 13. ಎಂಟು ವರ್ಷಗಳ ನಂತರ ಆತ ಆ ನೆನಪನ್ನು ಕ್ಯಾನ್ವಾಸಿಗೆ ತರಲು ಕುಳಿತ. ಬಣ್ಣ ಹಚ್ಚಿದ, ಕೆರೆದ, ಮತ್ತೆ ಹಚ್ಚಿದ, ಮತ್ತೆ ಕೆರೆದ. 1886ರಲ್ಲಿ ಆ ಚಿತ್ರ ಪ್ರದರ್ಶನಗೊಂಡಾಗ ಜನ ಅದನ್ನು ಅಪೂರ್ಣ ಕೆಲಸವೆಂದು ಗೇಲಿ ಮಾಡಿದರು. ‘ರೋಗಿ ಬಾಲಕಿ’ ಎಂದು ನಾವು ಇಂದು ಕರೆಯುವ ಚಿತ್ರ ಅದೇ. ಅಲ್ಲಿಂದ ಮುಂದೆ ಸುಮಾರು 40 ವರ್ಷಗಳ ಅವಧಿಯಲ್ಲಿ ಮುಂಕ್ ಅದೇ ದೃಶ್ಯವನ್ನು ಮತ್ತೆ ಮತ್ತೆ ಬರೆದ. ಬಣ್ಣದಲ್ಲಿ ಒಟ್ಟು ಆರು ಆವೃತ್ತಿಗಳಿವೆ, ಅಚ್ಚುಚಿತ್ರಗಳು ಬೇರೆ. ಕೆಲವಕ್ಕೆ ಕೊಳ್ಳುವವರ ಬೇಡಿಕೆಯೂ ಕಾರಣವಾಗಿತ್ತು ಎಂಬುದನ್ನು ಮರೆಮಾಚಬೇಕಿಲ್ಲ. ಕಲಾವಿದನೂ ಊಟ ಮಾಡಬೇಕು. ಆದರೆ ಬೇಡಿಕೆಯೊಂದೇ ಒಬ್ಬ ಮನುಷ್ಯನನ್ನು ಇಪ್ಪತ್ತರ ಹರೆಯದಿಂದ ಅರವತ್ತರವರೆಗೆ ಒಂದೇ ಹಾಸಿಗೆಯ ಬಳಿಗೆ ಎಳೆದು ತರುವುದಿಲ್ಲ.

ಈ ಆವೃತ್ತಿಗಳನ್ನು ಸಾಲಾಗಿ ನೋಡಿದರೆ ಕೈಯ ಬೆಳವಣಿಗೆ ಸ್ಪಷ್ಟವಾಗಿದೆ. ಕೊನೆಕೊನೆಯವುಗಳಲ್ಲಿ ಬಣ್ಣ ಉಜ್ವಲ, ಕುಂಚ ಸಲೀಸು, ಹಿಂಜರಿಕೆಯಿಲ್ಲ. ಆದರೂ ಒಂದನ್ನು ಆರಿಸು ಎಂದರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಹೇಗೆ ಬರೆಯಬೇಕೆಂದು ಗೊತ್ತಿಲ್ಲದವನ ಒದ್ದಾಟ ಅಲ್ಲಿನ ಗೀರುಗಳಲ್ಲಿ ಹಾಗೆಯೇ ಉಳಿದಿದೆ. ಕೈ ಪಳಗಿದ ಮೇಲೆ ಆ ಗೀರುಗಳನ್ನು ಹಾಕಲು ಬರುವುದಿಲ್ಲ. ಹಾಕಿದರೆ ಅದು ನಟನೆಯಾಗುತ್ತದೆ. ಮುಂಕ್‌ಗೂ ಅದು ತಿಳಿದಿರಬೇಕು. ಆತ ಹಿಂದಿರುಗಿದ್ದು ಹಳೆಯ ತಪ್ಪು ತಿದ್ದಲು ಎಂದು ನನಗೆ ಅನ್ನಿಸುವುದಿಲ್ಲ. ಅಕ್ಕ ಇನ್ನೂ ಅಲ್ಲೇ ಇದ್ದಾಳೆಯೇ ಎಂದು ನೋಡಲು.

ಹಳೆಯ ಚಿತ್ರದ ಬಳಿಗೆ ಹೋಗುವುದು ಯಾವಾಗಲೂ ಇಷ್ಟು ನಿರ್ಮಲವಾಗಿರುವುದಿಲ್ಲ. ಇಟಲಿಯ ಜಾರ್ಜೋ ದ ಕಿರಿಕೊ 1910ರ ದಶಕದಲ್ಲಿ ಬರೆದ ನಿರ್ಜನ ಚೌಕಗಳು, ಉದ್ದನೆಯ ನೆರಳುಗಳು ಆತನನ್ನು ಪ್ರಸಿದ್ಧನನ್ನಾಗಿಸಿದವು. ಮುಂದೆ ಆತ ದಾರಿ ಬದಲಿಸಿದ; ಆ ಹೊಸ ಚಿತ್ರಗಳನ್ನು ಒಂದು ಕಾಲದ ಅಭಿಮಾನಿಗಳೇ ಹಳಿದರು, ಮಾರುಕಟ್ಟೆ ಹಳೆಯದನ್ನೇ ಕೇಳಿತು. ಆತ ಹಳೆಯ ಚಿತ್ರಗಳ ಪ್ರತಿಗಳನ್ನು ತಾನೇ ಬರೆದ. ಕೆಲವಕ್ಕೆ ಹಿಂದಿನ ಇಸವಿಯನ್ನೂ ಹಾಕಿದ. ಇಸವಿಗಳ ಆ ಗೋಜಲು ಕಲಾ ಇತಿಹಾಸಕಾರರಿಗೆ ದೊಡ್ಡ ತಲೆನೋವಾಯಿತು. ಇದಕ್ಕೆ ಹೋಲಿಸಿದರೆ ಅಮೆರಿಕದ ಜಾನ್ ಬಾಲ್ಡೆಸರಿ ಪ್ರಾಮಾಣಿಕ: 1953ರಿಂದ 1966ರವರೆಗಿನ, ತನ್ನ ಬಳಿ ಉಳಿದಿದ್ದ ಚಿತ್ರಗಳನ್ನು 1970ರಲ್ಲಿ ಚಿತಾಗಾರಕ್ಕೆ ಒಯ್ದು ಸುಟ್ಟ. ತನ್ನದನ್ನು ಸುಡುವ ಹಕ್ಕು ಕಲಾವಿದನಿಗಿದೆ. ಆದರೆ ಆತ ತಾನೇ ನಿರ್ಧರಿಸಿ, ಲೆಕ್ಕವಿಟ್ಟು ಸುಟ್ಟ. ನಮ್ಮಲ್ಲಿ ಆ ನಿರ್ಧಾರವನ್ನು ಗೆದ್ದಲು ಮಾಡುತ್ತದೆ.

ನಮ್ಮ ಕೆ. ವೆಂಕಟಪ್ಪನವರನ್ನೇ ನೋಡಿ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ಕಾಲದ ಅವರ ಪುರಾಣಚಿತ್ರಗಳು ಗುರುವಿನ ಶೈಲಿಗೆ ನಿಷ್ಠವಾದವು; ಬಣ್ಣವನ್ನು ನೀರಿನಲ್ಲಿ ತೊಳೆತೊಳೆದು ಮಬ್ಬು ತರುವ ವಿಧಾನ ಅದು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಇಂಗ್ಲಿಷ್ ಪುಸ್ತಕ 1913ರಲ್ಲಿ ಪ್ರಕಟವಾದಾಗ ಅದರಲ್ಲಿ ಅವರ ಚಿತ್ರಗಳೂ ಇದ್ದವು. ಮುಂದೆ ಅವರು ಊಟಿ ಮತ್ತು ಕೊಡೈಕೆನಾಲ್‌ಗಳಲ್ಲಿ ಪ್ರಕೃತಿಯ ಎದುರು ಕುಳಿತು ಬರೆದ ಜಲವರ್ಣಗಳು ಬೇರೆಯೇ ಲೋಕ. ಗುರುವಿನಿಂದ ಬಿಡಿಸಿಕೊಂಡರು ಎಂದು ಹೇಳುವುದು ವಾಡಿಕೆ. ನನಗೆ ಕಾಣುವುದು ಸ್ವಲ್ಪ ಬೇರೆ: ಕಲ್ಕತ್ತೆಯಲ್ಲಿ ಶೈಲಿಯಾಗಿ ಕಲಿತ ಮಬ್ಬು, ಊಟಿಯಲ್ಲಿ ನಿಜವಾದ ಮಂಜಾಗಿ ಅವರಿಗೆ ಎದುರಾಯಿತು. ಇದು ಸರಿಯೋ ತಪ್ಪೋ ಎಂದು ಯಾರಾದರೂ ನನ್ನೊಡನೆ ಜಗಳವಾಡಬೇಕಾದರೆ ಎರಡೂ ಕಾಲದ ಚಿತ್ರಗಳನ್ನು ನೋಡಲು ಅವಕಾಶವಿರಬೇಕು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇರುವುದರ ಬೆಲೆ ಅದು. ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಸರ್ಕಾರದ ಯೋಜನೆಯ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿದಾಗ ಕೆಲವರಿಗೆ ಅದು ಕಟ್ಟಡದ ಜಗಳವೆನಿಸಿತು. ನೋಡುವ ಹಕ್ಕಿನ ಜಗಳವೂ ಅದಾಗಿತ್ತು.

ವೆಂಕಟಪ್ಪನವರಿಗೆ ಒಂದು ಗ್ಯಾಲರಿಯಾದರೂ ಇದೆ. ಉಳಿದವರಿಗೆ? ಹಿರಿಯ ಕಲಾವಿದರ ಸಿಂಹಾವಲೋಕನ ಪ್ರದರ್ಶನಗಳಿಗೆ ಹೋದಾಗಲೆಲ್ಲ ನನಗೆ ಒಂದು ಕೊರತೆ ಕಾಣುತ್ತದೆ. ಹೆಸರು ತಂದುಕೊಟ್ಟ ಶೈಲಿಯ ಚಿತ್ರಗಳು ಗೋಡೆ ತುಂಬ ಇರುತ್ತವೆ. ಅದಕ್ಕೂ ಹಿಂದಿನ ಇಪ್ಪತ್ತು ವರ್ಷಗಳಿಗೆ ಒಂದೆರಡು ಚಿತ್ರ, ಅದೂ ಬಾಗಿಲ ಮೂಲೆಯಲ್ಲಿ. ಕೇಳಿದರೆ ‘ಅವು ಇನ್ನೂ ಮಾಗಿರಲಿಲ್ಲ’ ಎಂಬ ಉತ್ತರ. ಮಾಗುವುದು ಒಳ್ಳೆಯ ಮಾತೇ. ಆದರೆ ಮಿಡಿಮಾವಿನಕಾಯನ್ನು ಹಣ್ಣಾಗದ ಮಾವು ಎಂದು ಮಲೆನಾಡಿನಲ್ಲಿ ಯಾರೂ ಜರಿಯುವುದಿಲ್ಲ. ಅದಕ್ಕೆ ಬೇರೆ ಜಾಡಿ, ಬೇರೆ ಉಪ್ಪು.

ಈ ಕೆಲಸಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಲಲಿತಕಲಾ ಅಕಾಡೆಮಿ ಗೌರವ ಪ್ರಶಸ್ತಿ ಕೊಡುವ ಪ್ರತಿಯೊಬ್ಬ ಕಲಾವಿದರಿಂದ, ಮೂವತ್ತು ವಯಸ್ಸಿನೊಳಗೆ ಬರೆದ ಒಂದು ಚಿತ್ರವನ್ನು ಬೆಲೆ ಕೊಟ್ಟು ಪಡೆದು ತೇವ ತಾಗದ ಕೋಣೆಯಲ್ಲಿ ಇಡಬಹುದು. ಉಳಿದವುಗಳ ಛಾಯಾಚಿತ್ರ ತೆಗೆಸಿ, ಇಸವಿ ಸಹಿತ ಪಟ್ಟಿ ಮಾಡಬಹುದು. ಕಲಾವಿದರೂ ಕ್ಯಾನ್ವಾಸಿನ ಹಿಂಬದಿಯಲ್ಲಿ ಇಸವಿ ಬರೆಯುವ ಶ್ರಮ ವಹಿಸಬೇಕು. ಐವತ್ತು ವರ್ಷ ಕಳೆದ ಮೇಲೆ ನೆನಪು ದ ಕಿರಿಕೊನಷ್ಟೇ ಸಲೀಸಾಗಿ ಸುಳ್ಳು ಹೇಳುತ್ತದೆ. ಇನ್ನು ಕಲಾಶಾಲೆಗಳು. ಅಂತಿಮ ವರ್ಷದ ಪರೀಕ್ಷೆ ಮುಗಿದ ಮೇಲೆ ಆ ಚಿತ್ರಗಳ ಗತಿ ಏನಾಗುತ್ತದೆ ಎಂದು ತಮ್ಮ ಊರಿನ ಕಲಾಶಾಲೆಯಲ್ಲಿ ಒಮ್ಮೆ ವಿಚಾರಿಸಿ ನೋಡುವಂತೆ ಓದುಗರನ್ನು ಕೇಳಿಕೊಳ್ಳುತ್ತೇನೆ, ಸಾಧ್ಯವಾದರೆ ಈ ಮಳೆಗಾಲಕ್ಕೆ ಮುಂಚೆ.